ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತ ಅಂಕಲ್‌ಗೆ

ಅಮೆರಿಕದ ನಮ್ಮ ಚರ್ಚಿನ ಕೈಗಂಟೆ ತಂಡಕ್ಕೆ ‘ಅಮೇಜಿಂಗ್ ಗ್ರೇಸ್’ ಭಕ್ತಿಗೀತೆ ಹೊಂದಿಸುತ್ತಿದ್ದೆ. 3 ಆಕ್ಟೇವ್ (ಸ್ಥಾಯಿ), ಒಂದೊಂದೇ ಸ್ವರ ನುಡಿಯುವ 37 ಕೈಗಂಟೆ, 11 ಜನ. ಪಿಯಾನೋಗೆ ಬರೆದ ಹಾಗೆ ಸ್ವರ ತುಂಬಿಬಿಟ್ಟಿದ್ದೆ. ಒಬ್ಬರಿಗೆ ಎರಡೇ ಕೈ ಅಲ್ವಾ? ನಡುವೆ ನಿಂತವರಿಗೆ ಗಂಟೆ ಬದಲಿಸಲು ಪುರುಸೊತ್ತೇ ಇರಲಿಲ್ಲ. ದೊಡ್ಡ ಗಂಟೆಗಳ ನಾದ ಒಂದರ ಮೇಲೊಂದು ಬಿದ್ದು ಧಾಟಿಯೇ ಮುಚ್ಚಿಹೋಗುತ್ತಿತ್ತು.

ಅವತ್ತು ಅಭ್ಯಾಸ ಮುಗಿದ ಮೇಲೆ ನೀವು ಬಂದು ಕೂತಿರಿ. ಕೆಳಗಿನ ಸ್ವರಗಳಲ್ಲಿ ಅರ್ಧ ಅಳಿಸಿದಿರಿ. “ಇದು ಐದೇ ಸ್ವರದ ಧಾಟಿ, ನಮ್ಮ ಮೋಹನ ರಾಗದ ಹಾಗೆ. ಮೊದಲ ಚರಣದಲ್ಲಿ ಗಂಟೆಯನ್ನು ಎದೆಗೊತ್ತಿ ನಿಲ್ಲಿಸಬೇಡಿ, ನಾದ ಸುಮ್ನೆ ಹರಿಯಲಿ” ಎಂದಿರಿ. ಎಷ್ಟು ಸರಿ! ಆ ಐದು ಸ್ವರ ಎಷ್ಟು ಬೆರೆತರೂ ಕಿವಿಗೆ ಹಿತವೇ.

ಭಾನುವಾರ ಕೊನೆಯ ನಾದ ಆರುವವರೆಗೂ ಯಾರೂ ಅಲುಗಾಡಲಿಲ್ಲ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಮನಸಾರೆ ಥ್ಯಾಂಕ್ಸ್ ಅಂಕಲ್.