ಮನೆ ಕಟ್ಟಲು ಒಪ್ಪಿಗೆ ಸಿಕ್ಕಿತು: ಜತೆ ನಿಂತವರಿಗೆಲ್ಲ ವಂದನೆ

ಕಲ್ಯಾಣಪುರದ ಆಚೆ, ಸ್ವರ್ಣಾ ನದಿಯಿಂದ ಒಳಬರುವ ತೋಡಿನ ಬದಿಯ ನಮ್ಮ ಜಾಗದಲ್ಲಿ ಮನೆ ಕಟ್ಟಲು ಪರವಾನಿಗೆ ಕೈಸೇರಿದೆ. ಒಮ್ಮೆ ತಿರಸ್ಕಾರವಾಗಿದ್ದ ಅರ್ಜಿ ಇದು. ಮೇಲ್ಮನವಿ ಹಾಕಿ, ಮರುಪರಿಶೀಲನೆಗೆ ಹೋಗಿ, ಈಗ ಸಹಿ ಬಿದ್ದು ಬಂದಿದೆ. ಇಷ್ಟು ದೂರ ನಮ್ಮನ್ನು ತಲುಪಿಸಿದವರು ಯಾರು, ಅವರು ಮಾಡಿದ್ದೇನು ಎಂದು ಬಿಡಿಸಿ ಹೇಳದೆ ಬರೀ ಧನ್ಯವಾದ ಅಂದರೆ ನನಗೆ ಸಮಾಧಾನವಾಗದು. ಹೆಸರು ಹಾಕುವುದು ಬೇಡ ಎಂದು ಅವರೇ ಕೇಳಿಕೊಂಡಿದ್ದಾರೆ. ಓದಿದರೆ ಅವರಿಗೆ ಗೊತ್ತಾಗುತ್ತದೆ.

2020ರ ಸೆಪ್ಟೆಂಬರ್ 20ರ ನೆರೆ ಉಡುಪಿಯವರು ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ಹಂಚಿನ ಮನೆಯ ಚಾವಡಿಯೊಳಗೆ ನೀರು ನಿಂತಿತು. ನೀರು ಇಳಿದ ಮೇಲೆ ಮಣ್ಣಿನ ಗೋಡೆಗಳು ಒಂದೊಂದಾಗಿ ಬಾಯಿಬಿಟ್ಟವು. ಅಮ್ಮ ಅಂದಿನಿಂದ ಪಕ್ಕದ ಮನೆಯ ಅಕ್ಕನ ಹತ್ತಿರವೇ ಮಲಗುವುದು. ಅದೇ ಜಾಗದಲ್ಲಿ, ತೋಡಿನಿಂದ ಇನ್ನಷ್ಟು ಹಿಂದಕ್ಕೆ ಸರಿದು, ಪಂಚಾಂಗ (ಮನೆಯ ಅಡಿಪಾಯದ ಕಟ್ಟೆ) ಎತ್ತರಿಸಿ ಕಟ್ಟುವುದೆಂದು ತೀರ್ಮಾನಿಸಿ ಅರ್ಜಿ ಹಾಕಿದೆವು. ಬಂದ ಉತ್ತರ ಒಂದೇ ಸಾಲಿನದ್ದು: ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಮಾಣ ನಿಷಿದ್ಧ ವಲಯದಲ್ಲಿದೆ, ಅರ್ಜಿ ತಿರಸ್ಕರಿಸಲಾಗಿದೆ.

ಆಗ ಧೈರ್ಯ ಹೇಳಿದವರು ತುಂಬ ಜನ. ದಾರಿ ತೋರಿಸಿದವರು ನಮ್ಮ ಎಂಜಿನಿಯರ್ ಮೇಡಂ. ಕಾಗದಗಳನ್ನೆಲ್ಲ ಎದುರಿಗೆ ಹರಡಿಕೊಂಡು ಅವರು ಅಮ್ಮನ ಹತ್ತಿರ ಮೊದಲು ಕೇಳಿದ್ದು, "ಅಮ್ಮ, ನಿಮ್ಮ ತೋಡು ಎಷ್ಟು ಅಗಲ ಉಂಟು?" ಆ ಪ್ರಶ್ನೆಯ ತೂಕ ನಮಗೆ ಆಮೇಲೆ ತಿಳಿಯಿತು. 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ ಉಬ್ಬರದ ನೀರು ಹತ್ತುವ ನದಿ, ತೋಡುಗಳ ಬದಿಯಲ್ಲಿ, ಪಂಚಾಯತ್ ವ್ಯಾಪ್ತಿಯ ನಮ್ಮಂಥ ಜಾಗಗಳಿಗೆ, ಮನೆ ಕಟ್ಟಬಾರದ ವಲಯ ಉಬ್ಬರ ರೇಖೆಯಿಂದ (ಉಬ್ಬರದ ನೀರು ಹತ್ತುವ ಗರಿಷ್ಠ ಮಟ್ಟದ ಗೆರೆ) 50 ಮೀಟರ್ ಅಥವಾ ಆ ತೋಡಿನ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 2011ರ ಅಧಿಸೂಚನೆಯಲ್ಲಿ 50ರ ಬದಲು 100 ಮೀಟರ್ ಇತ್ತು. ಕಡಿಮೆ ಇರುವುದನ್ನು ಹಿಡಿಯಬೇಕೆಂಬ ಮಾತು ಅದರಲ್ಲೂ ಇತ್ತು. ನಮ್ಮ ಕಡತದಲ್ಲಿ 50 ಮೀಟರ್ ಲೆಕ್ಕ ಹಾಕಿದ್ದರು, ತೋಡಿನ ಅಗಲದ ಸುದ್ದಿಯೇ ಇರಲಿಲ್ಲ.

ಸರ್ವೇಯರ್ ಅಣ್ಣನ ಕೆಲಸವನ್ನು ನಾನು ನಿಂತು ನೋಡಿದ್ದೇನೆ. ಉಬ್ಬರ ರೇಖೆಯನ್ನು ಖಾಸಗಿ ಸರ್ವೇಯರ್ ತಾನಾಗಿ ಎಳೆಯುವಂತಿಲ್ಲ. ಚೆನ್ನೈಯ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರದಂಥ, ಕೇಂದ್ರ ಸರಕಾರ ಮಾನ್ಯ ಮಾಡಿದ ಕೆಲವೇ ಸಂಸ್ಥೆಗಳಿಗೆ ಆ ಅಧಿಕಾರ. ಅದಕ್ಕೇ ಅವರು ಮಂಜೂರಾದ ನಕ್ಷೆಯಲ್ಲಿದ್ದ ರೇಖೆಯನ್ನೇ ಹಿಡಿದರು. ಅದನ್ನು ನಮ್ಮ ಸರ್ವೆ ನಂಬರಿನ ಗಡಿಕಲ್ಲುಗಳಿಗೆ ಹೊಂದಿಸಿ, ಮೊಣಕಾಲುದ್ದ ಕೆಸರಿನಲ್ಲಿ ಇಳಿದು ತೋಡಿನ ಎರಡೂ ದಡ ಅಳೆದರು. ಅಗಲ 14 ಮೀಟರ್. ನಾವು ಕಟ್ಟಬೇಕೆಂದಿದ್ದ ಮನೆ ಉಬ್ಬರ ರೇಖೆಯಿಂದ 22 ಮೀಟರ್ ದೂರ, ಅಂದರೆ ನಿಷಿದ್ಧ ವಲಯದಿಂದ ಹೊರಗೇ.

ಇದು ಮೊದಲೇ ಯಾರಿಗೂ ಕಾಣಲಿಲ್ಲವೇಕೆ ಎಂದು ಕೇಳಿದೆ. ಅವರು 1:25,000 ಅಳತೆಯ ನಕ್ಷೆ ಬಿಡಿಸಿ ತೋರಿಸಿದರು. ಅದರಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ನಮ್ಮ ತೋಡಿನ ಇಡೀ ಅಗಲ ಅಲ್ಲಿ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು, ಪೆನ್ನಿನ ಗೆರೆಯೊಳಗೇ ಮುಚ್ಚಿಹೋಗುವಷ್ಟು. ಒಂದು ಕುಟುಂಬದ ಮನೆಯನ್ನು ಆ ಕಾಗದದ ಮೇಲೆ ತೀರ್ಮಾನಿಸಲಾಗದು, ನೆಲಕ್ಕೇ ಬರಬೇಕು ಎಂದು ಅವರು ವರದಿಯಲ್ಲಿ ಬರೆದುಕೊಟ್ಟರು.

ನಡುವೆ ಒಬ್ಬರು ಬಂದು, ತೋಡಿನ ನೀರು ಸಿಹಿ ಎಂದು ಬರೆಸಿಬಿಡಿ, ಸಿಆರ್‌ಝಡ್ ತಕರಾರೇ ಹೋಗುತ್ತದೆ ಎಂದರು. ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವಲ್ಲಿಯವರೆಗೆ ಉಬ್ಬರದ ಪ್ರಭಾವ ಎಂದು ಲೆಕ್ಕ. ಬೇಸಗೆಯಲ್ಲಿ ನಮ್ಮ ತೋಡು ಉಪ್ಪು, ಬಾವಿಯ ನೀರೂ ಉಪ್ಪಾಗುತ್ತದೆ, ಊರಿಗೇ ಗೊತ್ತಿರುವ ಸಂಗತಿ. "ಇದ್ದದ್ದನ್ನು ಇದ್ದ ಹಾಗೆ ಬರೆಯುವ, ಅಷ್ಟೇ ಸಾಕು" ಎಂದು ಮೇಡಂ ಅಲ್ಲಿಗೇ ಆ ಮಾತು ನಿಲ್ಲಿಸಿದರು. ಆ ಒಂದು ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ. ನಿಯಮ ನಮಗೂ ಬೇಕು. ತೋಡಿನಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದು, ಮಣ್ಣು ತುಂಬಿಸಿ ಕಟ್ಟಿದರೆ ಮುಂದಿನ ನೆರೆ ಯಾರ ಮನೆಗೆ ನುಗ್ಗುತ್ತದೆ ಎಂದು ನೋಡಿದವರು ನಾವು.

ವಕೀಲರ ಬಗ್ಗೆ ಹೇಳಲೇಬೇಕು. ತಿರಸ್ಕಾರದ ಆದೇಶ ಕೈಸೇರಿದ ದಿನದಿಂದ ಮೇಲ್ಮನವಿಯ ಅವಧಿ ಓಡತೊಡಗುತ್ತದೆ ಎಂದು ಎಚ್ಚರಿಸಿ, ಗಡುವಿನೊಳಗೆ ಸಲ್ಲಿಸಿದವರು ಅವರು. ಸ್ಥಳ ತನಿಖಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿದರು. ತೋಡಿನ ಅಗಲದ ಕಾಲಂ ಖಾಲಿ ಬಿಟ್ಟದ್ದು ಅದರಲ್ಲೇ ಇತ್ತು. ವಿಚಾರಣೆಯ ದಿನ ಅವರು ಯಾರ ಮೇಲೂ ಆಪಾದನೆ ಮಾಡಲಿಲ್ಲ. ಅಧಿಸೂಚನೆಯ ಆ ಸಾಲು, ಖಾಲಿ ಕಾಲಂ, ಸರ್ವೇಯರ್ ನಕ್ಷೆ, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಜಂಟಿ ಅಳತೆ ಮಾಡಿಸಿ ಎಂದು ಕೇಳಿಕೊಂಡರು. ತೆಗೆದುಕೊಂಡ ಫೀಸಿಗೆಲ್ಲ ರಸೀದಿ ಕೊಟ್ಟರು. ಮೇಲ್ಮನವಿ ಆಲಿಸಿದ ಅಧಿಕಾರಿ ಕಡತವನ್ನು ಪುಟ ಪುಟ ಓದಿ, ಅಮ್ಮನನ್ನು ಕುಳ್ಳಿರಿಸಿ ಮಾತು ಕೇಳಿದರು. ಜಂಟಿ ಅಳತೆಗೆ ಬಂದ ಸಿಬ್ಬಂದಿ ಬಿಸಿಲಲ್ಲಿ ನಿಂತು ಇದ್ದದ್ದನ್ನೇ ಬರೆದುಕೊಂಡರು. ಅವರಿಗೂ ನಮ್ಮ ನಮಸ್ಕಾರ.

ಹಳೆಯ ಮನೆ ತೆರಿಗೆ ರಸೀದಿಗಳನ್ನು ಹುಡುಕಿಕೊಟ್ಟ ದೊಡ್ಡಪ್ಪ, ಅಳತೆಯ ದಿನ ದೋಣಿ ತಂದ ಹುಡುಗರು, ಆ ಮಳೆಗಾಲದಿಂದ ಇಂದಿನವರೆಗೆ ಅಮ್ಮನನ್ನು ತನ್ನ ತಾಯಿಯ ಹಾಗೆ ನೋಡಿಕೊಂಡ ಪಕ್ಕದ ಮನೆಯ ಅಕ್ಕ, ನಿಮ್ಮನ್ನೆಲ್ಲ ಕೆಸರುಕಲ್ಲು ಹಾಕುವ ದಿನ ಮನೆಗೇ ಬಂದು ಕರೆಯುತ್ತೇವೆ. ತೋಡಿನ ಬದಿಯಲ್ಲಿ ಇದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾದವರು ಇನ್ನೂ ಇದ್ದಾರೆಂದು ಗೊತ್ತು. ಆದೇಶದ ಪ್ರತಿ, ಅಳತೆಯ ನಕ್ಷೆ ನಮ್ಮಲ್ಲಿ ಉಂಟು. ನೋಡಬೇಕೆಂದವರು ಯಾವಾಗ ಬೇಕಾದರೂ ಬನ್ನಿ, ನಕಲು ಮಾಡಿಸಿ ಕೊಡುತ್ತೇನೆ.