ಒಂದು ರೂಪಾಯಿಯ ಬಾಂಡು

ತುಮಕೂರು, ಭಾನುವಾರ

ಪುಟ್ಟೀ,

ನಿನ್ನ ಕಾದಂಬರಿಯ ಹತ್ತು ಪ್ರತಿ ಕಳಿಸಿದ್ದೆಯಲ್ಲ, ಒಂದೂ ಮನೆಯಲ್ಲಿಲ್ಲ. ಬೆಳಿಗ್ಗೆ ಅಮಾನಿಕೆರೆಯಲ್ಲಿ ನನ್ನ ಜೊತೆ ನಡೆಯುವವರೇ ಎಲ್ಲ ಒಯ್ದರು. ದುಡ್ಡು ಕೊಟ್ಟವರು ಇಬ್ಬರೇ, ಅದು ಬೇರೆ ಮಾತು.

ಮೇಷ್ಟರು ರಾತ್ರಿ ಎರಡರವರೆಗೆ ಓದಿ ಮರುದಿನ ವಾಕಿಂಗಿಗೇ ಬರಲಿಲ್ಲ. ಕ್ಯಾತ್ಸಂದ್ರದ ಟೀಚರಿಗೆ ತಡೆಯಲಾಗದೆ ಕೊನೇ ಪುಟ ಮೊದಲೇ ನೋಡಿಬಿಟ್ಟರಂತೆ. ಪಕ್ಕದ ಮನೆಯ ಹುಡುಗ ಮಾತ್ರ "ಜೈಲರೇ ಕಳ್ಳ ಅಂತ ಐವತ್ತನೇ ಪುಟಕ್ಕೇ ಗೊತ್ತಾಯ್ತು ಆಂಟಿ" ಎಂದ. ಬೇಜಾರಾಗಬೇಡ, ಅವನು ಎಲ್ಲ ಸಿನಿಮಾಗೂ ಹಾಗೇ ಹೇಳುತ್ತಾನೆ.

ಆದರೆ ಎಲ್ಲರದೂ ಒಂದೇ ತಕರಾರು. ಇಪ್ಪತ್ತು ವರ್ಷ ಒಬ್ಬನನ್ನು ಜೈಲಲ್ಲಿ ಮರೆತುಬಿಡ್ತಾರಾ? ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?

ನಾನು ಅಸ್ಸಾಮಿನ ಮಚಾಂಗ್ ಲಾಲುಂಗ್ ವಿಷಯ ಹೇಳಿದೆ. 1951ರಲ್ಲಿ ಹಿಡಿದು, ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಡಾಕ್ಟರುಗಳು ಹುಷಾರಾಗಿದ್ದಾನೆ ಅಂದರು. ಆಮೇಲೆ ಮನೆಗಲ್ಲ, ಜೈಲಿಗೆ ಕಳಿಸಿದರು. ಹೊರಗೆ ಬಂದಿದ್ದು 2005ರಲ್ಲಿ. 54 ವರ್ಷ, ವಿಚಾರಣೆಯೇ ಇಲ್ಲದೆ! ಕೊನೆಗೆ ಎಷ್ಟರ ಬಾಂಡು ಬರೆಸಿಕೊಂಡು ಬಿಟ್ಟರು ಗೊತ್ತಾ? ಒಂದು ರೂಪಾಯಿ. ಬಿಹಾರದ ರುದುಲ್ ಸಾಹನನ್ನು ಕೋರ್ಟು 1968ರಲ್ಲೇ ನಿರ್ದೋಷಿ ಅಂದಿತ್ತು, ಬಿಟ್ಟಿದ್ದು 1982ರಲ್ಲಿ. ಮೇಷ್ಟರು ಒಂದು ಸುತ್ತು ಮುಗಿಯುವವರೆಗೂ ಮಾತಾಡಲಿಲ್ಲ.

ಈಗ ನನ್ನ ತಕರಾರು. ನಿನ್ನ ಪುಸ್ತಕದಲ್ಲಿ ಯಾರೋ ಬೇಕೂಂತ ಫೈಲ್ ಸುಡುತ್ತಾರೆ. ಓದುವಾಗ ಎದೆ ಡವಡವ ಅಂತು, ನಿಜ. ಆದರೆ ಸುಡೋಕೆ ಯಾರೂ ಬೇಕಿಲ್ಲ ಕಣೇ. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಕೂತವಳು ನಾನು. ಎಸ್ಕಾರ್ಟ್ ಪೊಲೀಸರಿಲ್ಲ ಅಂತ ಕೈದಿಯನ್ನು ಕರೆತರುವುದಿಲ್ಲ. ಸಾಕ್ಷಿ ಬರುವುದಿಲ್ಲ. ಸಾಹೇಬರು ರಜೆ. ಮುಂದಿನ ವಾಯ್ದೆ, ಅಷ್ಟೇ.

ಪಂಪ್‌ಸೆಟ್ ಮೋಟಾರು ಕದ್ದ ಅಂತ ಒಬ್ಬನ ಮೇಲೆ ಕೇಸಿತ್ತು. ಜಾಮೀನೂ ಆಗಿತ್ತು. ಶ್ಯೂರಿಟಿಗೆ ಪಹಣಿ ಇರುವವರು ಬೇಕು, ಅವನಿಗೆ ಅಂಥವರು ಒಬ್ಬರೂ ಗೊತ್ತಿರಲಿಲ್ಲ. ಹನ್ನೊಂದು ತಿಂಗಳು ಒಳಗೇ ಇದ್ದ. ಪ್ರತಿ ಸಲ ಮುಂದಿನ ತಾರೀಖು ಬರೆದವಳು ನಾನೇ. ಆ ದಿನಗಳಲ್ಲಿ ಡಬ್ಬಿಯಲ್ಲಿ ಒಯ್ಯುತ್ತಿದ್ದ ಚಿತ್ರಾನ್ನ ನೆನಪಿದೆ. ಅವನ ಮುಖ ನೆನಪಿಲ್ಲ.

ಈಗ ಕಾನೂನು ಸ್ವಲ್ಪ ಬದಲಾಗಿದೆ. ಮರಣದಂಡನೆ, ಜೀವಾವಧಿಯ ಕೇಸು ಬಿಟ್ಟು, ಹಿಂದೆ ಯಾವ ಕೇಸಲ್ಲೂ ಶಿಕ್ಷೆಯಾಗದವನು ವಿಚಾರಣೆ ಮುಗಿಯುವ ಮೊದಲೇ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು ಅಂತ 2024ರ ಜುಲೈಯಿಂದ ಬಂದಿದೆ. ಅದಕ್ಕೆ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲಿನ ಸೂಪರಿಂಟೆಂಡೆಂಟರೇ. ನಿನ್ನ ಜೈಲರನಿಗೆ ಈ ಕೆಲಸ ಕೊಟ್ಟು ನೋಡು. ಅರ್ಜಿ ಹಾಕುತ್ತಾನೋ, ನಾಳೆ ನೋಡೋಣ ಅಂತಾನೋ. ನನಗೆ ಅದೇ ಸಸ್ಪೆನ್ಸು.

ನಮ್ಮ ಸೊಪ್ಪಿನವಳಿಗೆ ಓದು ಬರುವುದಿಲ್ಲ. ಕಟ್ಟು ಬಿಡಿಸುತ್ತಾ ದಿನಕ್ಕೆ ನಾಲ್ಕು ಪುಟ ಓದಿಸಿಕೊಳ್ಳುತ್ತಾಳೆ. ಯಾರು ಮಾಡಿದ್ದು ಅಂತ ಇವತ್ತಿನವರೆಗೂ ಕೇಳಿಲ್ಲ. ನಿನ್ನೆ ಕೇಳಿದ್ದು ಇಷ್ಟೇ: "ಅವನ ಕಡೆ ಪಹಣಿ ಇರೋರು ಯಾರೂ ಇರ್ಲಿಲ್ವಾ ಅಕ್ಕಾ?"

ಐದು ಪ್ರತಿ ಕಳಿಸು. ಈ ಸಲ ದುಡ್ಡು ಮೊದಲೇ ಇಸ್ಕೊಳ್ತೀನಿ.

ನಿನ್ನ ಅಮ್ಮ