ನಡತೆಗೆ ಹತ್ತಕ್ಕೆ ಎಷ್ಟು?

ಮಾನ್ಯ ಸಂಪಾದಕರೇ,

ಮದರಸದಲ್ಲಿ ಮಕ್ಕಳಿಗೆ ಕುರ್‌ಆನ್ ಮತ್ತು ನಮಾಝ್ ಕಲಿಸುತ್ತೇನೆ. ನಮ್ಮ ಪ್ರೋಗ್ರೆಸ್ ಕಾರ್ಡಿನಲ್ಲಿ ಈಗ ‘ಅಖ್ಲಾಕ್’, ಅಂದರೆ ನಡತೆ, ಅಂತ ಒಂದು ಕಾಲಂ ಸೇರಿದೆ. ಅದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಪ್ರತಿ ಸಲ ಅಲ್ಲಿಗೆ ಬಂದಾಗ ಪೆನ್ನು ಮುಂದೆ ಹೋಗುವುದಿಲ್ಲ.

ಕಲಿತ ಕೆಲಸಕ್ಕೆ ಪರೀಕ್ಷೆ ಬೇಕೇ ಬೇಕು, ಆದರೆ ಬರೆಸಿ ಅಲ್ಲ, ಮಾಡಿಸಿ ನೋಡಬೇಕು. ನಮಾಝಿಗೆ ಮೊದಲಿನ ಅಂಗಶುದ್ಧಿಯಾದ ವುಝೂ ಮಾಡುವಾಗ ಮುಖ, ಮೊಣಕೈವರೆಗೆ ಕೈ, ತಲೆ ಸವರುವುದು, ಪಾದದ ಗಂಟಿನವರೆಗೆ ಕಾಲು ಅಂತ ಒಂದೂ ತಪ್ಪಿಲ್ಲದೆ ಬರೆದ ಹುಡುಗನನ್ನು ನಲ್ಲಿ ಹತ್ತಿರ ನಿಲ್ಲಿಸಿ ನೋಡಿದೆ. ಹಿಮ್ಮಡಿಗೆ ನೀರೇ ತಾಗಿರಲಿಲ್ಲ. ಅವಸರದಲ್ಲಿ ನಮಾಝ್ ಮಾಡಿದ ಒಬ್ಬರನ್ನು ಪ್ರವಾದಿಯವರು ಮೂರು ಸಲ ವಾಪಸ್ ಕಳಿಸಿದ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಇದೆ. ನನಗೆ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ, ಕಲಿಸಿ ಅಂತ ಆ ವ್ಯಕ್ತಿಯೇ ಕೇಳಿದ ಮೇಲೆ ಪ್ರವಾದಿಯವರು ಒಂದೊಂದು ಹಂತದಲ್ಲೂ ನಿಧಾನವಾಗಿ ನಿಲ್ಲುವುದನ್ನು ಹೇಳಿಕೊಟ್ಟರು. ನೋಡಿದ್ದು, ಮತ್ತೆ ಮಾಡಿಸಿದ್ದು, ಕಲಿಸಿದ್ದು, ಇಷ್ಟೇ. ಇನ್ನು ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲ ಅಂತಲೂ ಹದೀಸ್ ಹೇಳುತ್ತದೆ, ನಮ್ಮ ತಜ್ವೀದ್, ಅಂದರೆ ಕುರ್‌ಆನ್ ಉಚ್ಚಾರದ ನಿಯಮಗಳ, ಪರೀಕ್ಷೆಯಲ್ಲಿ ಆ ಮಗುವಿಗೇ ಕಡಿಮೆ ಅಂಕ.

ನಡತೆ ಮಾತು ಬೇರೆ. ಅಂಕ ಇದೆ ಅಂತ ಗೊತ್ತಾದ ದಿನದಿಂದ ಕೆಲವು ಮಕ್ಕಳು ನಾನು ನೋಡುವಾಗ ಮಾತ್ರ ಚಪ್ಪಲಿ ಸಾಲಾಗಿ ಜೋಡಿಸುತ್ತಾರೆ, ನಾನು ಪಕ್ಕದಲ್ಲಿದ್ದರೆ ಸುಜೂದಿನಲ್ಲಿ, ಅಂದರೆ ಹಣೆ ನೆಲಕ್ಕಿಟ್ಟು, ಜಾಸ್ತಿ ಹೊತ್ತು ಇರುತ್ತಾರೆ. ಇದನ್ನೇ ರಿಯಾ ಅನ್ನುವುದು, ಜನ ನೋಡಲಿ ಅಂತ ಮಾಡುವುದು. ಹೀಗೆ ನಮಾಝ್ ಮಾಡಿ, ಸಣ್ಣಪುಟ್ಟ ವಸ್ತುವನ್ನೂ ಇನ್ನೊಬ್ಬರಿಗೆ ಕೊಡದವರನ್ನು ಕುರ್‌ಆನಿನ 107ನೇ ಅಧ್ಯಾಯ ‘ಅಲ್ ಮಾಊನ್’ ಖಂಡಿಸುತ್ತದೆ. ಏಳೇ ವಾಕ್ಯದ ಆ ಅಧ್ಯಾಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರೂ ನಾವೇ, ಅಂಕದ ಆಸೆ ತೋರಿಸಿ ರಿಯಾ ಕಲಿಸುತ್ತಿರುವವರೂ ನಾವೇ ಅಲ್ವಾ?

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಓದಿನಲ್ಲಿ ಸಾಧಾರಣ. ಹೊಸದಾಗಿ ಸೇರಿದ ಮಗುವಿನ ಪಕ್ಕ ಯಾರೂ ಹೇಳದೆ ಹೋಗಿ ಕೂರುತ್ತಾಳೆ, ಅಕ್ಷರದ ಕೆಳಗೆ ಬೆರಳಿಟ್ಟು, ಆ ಮಗು ಹೇಳುವವರೆಗೂ ಬೆರಳು ಸರಿಸದೆ ಕಾಯುತ್ತಾಳೆ. ಇದಕ್ಕೆ ಎಂಟು ಹಾಕಲೋ ಒಂಬತ್ತು ಹಾಕಲೋ?

ಹಾಗಂತ ನಡತೆ ಗಮನಿಸುವುದೇ ಬೇಡ ಅನ್ನುತ್ತಿಲ್ಲ. ವರ್ಷವಿಡೀ ಗಮನಿಸೋಣ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಟ್ಟು, ತಪ್ಪಿದ್ದರೆ ಮಗುವನ್ನು ಒಬ್ಬನೇ ಇರುವಾಗ ಕರೆದು ಮೆಲ್ಲಗೆ ಹೇಳೋಣ, ಎಲ್ಲರ ಮುಂದೆ ಬೇಡ. ಪಠ್ಯ ಮತ್ತು ಪರೀಕ್ಷೆ ನಿರ್ಧರಿಸುವ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು: ಆ ಕಾಲಂನಿಂದ ಅಂಕ ತೆಗೆದುಹಾಕಿ, ಅಲ್ಲಿ ಮೂರು ಖಾಲಿ ಗೆರೆ ಬಿಡಿ. ಆ ಹುಡುಗಿಯ ಬೆರಳಿನ ವಿಷಯ ಅವಳ ಅಮ್ಮನಿಗೆ ನಾನು ಅಲ್ಲಿ ಬರೆಯುತ್ತೇನೆ.

ಇತಿ,
ಒಬ್ಬ ಮದರಸ ಅಧ್ಯಾಪಕ